ತಿಂಗಳಿಗೆ 2,500ರ ತಾಳ

ಗುಂಪು: ಹಳೇಮನೆ ಬಳಗ

ಸುಮಾ, ರಾತ್ರಿ 8:42
▶ ವಿಡಿಯೊ: ‘3 ವರ್ಷದೊಳಗೆ ತಾಳಜ್ಞಾನ! ಟ್ಯಾಬ್‌ನಲ್ಲೇ ಡ್ರಮ್ ಬಾರಿಸಿ ಕಲಿಯಲಿ ನಿಮ್ಮ ಕಂದ’
ಚಿನ್ನುವನ್ನು ಸೇರಿಸೋಣ ಅಂತಿದ್ದೇನೆ. ತಿಂಗಳಿಗೆ 2,500. ಏನಂತೀರಿ?

ರವಿ, 8:45
ನಮ್ಮ ಕಾಲದಲ್ಲಿ ಒಂದು ಸ್ಟೀಲ್ ತಟ್ಟೆ, ಒಂದು ಸೌಟು ಸಾಕಿತ್ತಮ್ಮ.

ಸುಮಾ, 8:46
ಆ ಸೌಟು ಕಿತ್ತುಕೊಂಡು ಬೆನ್ನಿಗೆ ಬಿಟ್ಟಿದ್ದೂ ನಿಮ್ಮ ಕಾಲದಲ್ಲೇ ಅಲ್ವಾ ಅಣ್ಣ 😄

ಶಾರದತ್ತೆ, 8:51
ದುಡ್ಡಿನ ಮಾತು ಬಿಡು ಸುಮಾ. ಟ್ಯಾಬ್ ಯಾಕೆ? ಮಗುವಿಗೆ ತಾಳ ಹತ್ತುವುದು ಮೈಗೆ. ಗಾಜಿನ ಮೇಲೆ ಬೆರಳು ಕುಟ್ಟಿದರೆ ಏನು ಬರುತ್ತದೆ?

ಸುಮಾ, 8:53
ತಪ್ಪಿದರೆ ಅದು ತಕ್ಷಣ ತೋರಿಸುತ್ತದೆ ಅತ್ತೆ. ನಾನೇ ಕಲಿಸೋಣ ಅಂದರೆ ಭಜನೆಯಲ್ಲಿ ನನ್ನ ಚಪ್ಪಾಳೆ ಯಾವತ್ತೂ ಒಂದು ಹೆಜ್ಜೆ ಹಿಂದೆ.

ದೀಪು, 9:02
ಅಕ್ಕ, ಜರ್ಮನಿಯ ಲೈಪ್‌ಜಿಗ್‌ನವರು 2009ರಲ್ಲಿ ಇದನ್ನೇ ನೋಡಿದ್ದಾರೆ. ಎರಡೂವರೆಯಿಂದ ನಾಲ್ಕೂವರೆ ವರ್ಷದ ಮಕ್ಕಳ ಕೈಗೆ ಡ್ರಮ್ ಕೊಟ್ಟರು. ಜೊತೆಗೆ ಒಮ್ಮೆ ಮನುಷ್ಯ, ಒಮ್ಮೆ ಬಾರಿಸುವ ಯಂತ್ರ, ಒಮ್ಮೆ ಬರೀ ಸ್ಪೀಕರ್ ಸದ್ದು. ಮನುಷ್ಯ ಜೊತೆಗಿದ್ದಾಗ ಪುಟ್ಟ ಮಕ್ಕಳೂ ಚೆನ್ನಾಗಿ ತಾಳಕ್ಕೆ ಸೇರಿದರು.

ಸುಮಾ, 9:04
ಸರಿ ಕಣೋ. ಆ ಮನುಷ್ಯ ಯಾರು? ಏಳೂಮುಕ್ಕಾಲಿಗೆ ಮನೆಗೆ ಬಂದು ಕುಕ್ಕರ್ ಇಡುವ ನಾನಾ? ಆ ಹೊತ್ತಿಗೆ ಇವರಿನ್ನೂ ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಇರುತ್ತಾರೆ. ಊರಲ್ಲಿ ಕೂತು ಹೇಳುವುದು ಎಲ್ಲರಿಗೂ ಸುಲಭ.

(ಹದಿನೈದು ನಿಮಿಷ ಯಾರೂ ಮಾತಾಡಲಿಲ್ಲ.)

ಶಾರದತ್ತೆ, 9:19
ಕೋಪ ಮಾಡ್ಕೋಬೇಡ. ಬೇರೆ ಟೈಮೇ ಬೇಡ, ಸ್ನಾನ ಹೇಗೂ ಮಾಡಿಸುತ್ತೀಯಲ್ಲ. ‘ತಕಧಿಮಿ ತಕಧಿಮಿ’ ಅನ್ನುತ್ತಾ ಪ್ರತಿ ‘ತ’ಕ್ಕೆ ಒಂದು ಚೊಂಬು ನೀರು ಹಾಕು. ನಾಲ್ಕು ಸಲ ಆದ ಮೇಲೆ ಅವನೇ ತಲೆ ಬಗ್ಗಿಸಿ ಕಾಯುತ್ತಾನೆ. ಆಗ ಹೇಳದೆ ಕೇಳದೆ ‘ತಕಿಟ’ಕ್ಕೆ ಬಾ. ನಾಲ್ಕರ ಲೆಕ್ಕ ಮೂರಾಯಿತು. ಮುಖ ನೋಡು ಆಮೇಲೆ.

ದೀಪು, 9:22
ಏಳು ತಿಂಗಳ ಕೂಸಿಗೂ ಇದು ಗೊತ್ತಾಗುತ್ತದೆ ಅತ್ತೆ! ಒತ್ತೇ ಇಲ್ಲದ ಒಂದೇ ಸದ್ದು ಹಾಕಿ, ಕೆಲವು ಕೂಸುಗಳನ್ನು ಎರಡಕ್ಕೊಮ್ಮೆ, ಕೆಲವನ್ನು ಮೂರಕ್ಕೊಮ್ಮೆ ಎತ್ತಿ ಕುಣಿಸಿದರು. ಆಮೇಲೆ ತಾವು ಕುಣಿದ ಲೆಕ್ಕಕ್ಕೆ ಒತ್ತು ಬೀಳುವ ಸದ್ದನ್ನೇ ಅವು ಜಾಸ್ತಿ ಹೊತ್ತು ಆಲಿಸಿದವು. ಕೆನಡಾದಲ್ಲಿ, 2005ರಲ್ಲಿ.

ದೊಡ್ಡಪ್ಪ, 9:30
ಓದಿಗೂ ಇದು ಬೇಕು. ಉಕ್ತಲೇಖನದಲ್ಲಿ ‘ಬಾಲ’ ಅಂದರೆ ‘ಬಲ’ ಬರೆಯುವ ಮಕ್ಕಳು ಪ್ರತಿ ವರ್ಷ ಇರುತ್ತಿದ್ದರು. ಹೊಡೆದು ತಿದ್ದಲು ನೋಡಿದೆ, ಆಗಲಿಲ್ಲ. ಚಪ್ಪಾಳೆ ಹೊಡೆಸಿದೆ. ಬ-ಲ ಎರಡು. ಬಾ-ಆ-ಲ ಮೂರು. ಗುರುವಿಗೆ ಎರಡು ಮಾತ್ರೆ, ಲಘುವಿಗೆ ಒಂದು. ಕಿವಿಗೆ ಬಿದ್ದ ಮೇಲೆ ಕೈಯೂ ದೀರ್ಘ ಹಾಕಿತು. ಕಥೆ ಓದಿ ಹೇಳುವಾಗಲೂ ಎಳೆಯುವ ಕಡೆ ಎಳೆದು ಓದಬೇಕು ಸುಮಾ. ಸುದ್ದಿ ಓದಿದ ಹಾಗೆ ಓದಬೇಡ. ಇನ್ನು ಭಾಮಿನಿ ಷಟ್ಪದಿಯ ಮೂರು-ನಾಲ್ಕರ ನಡೆ...

ರವಿ, 9:31
ದೊಡ್ಡಪ್ಪ ಷಟ್ಪದಿಗೆ ಬಂದರು. ನಾನು ಮಲಗಿದೆ 🙏

ಸುಮಾ, ಬೆಳಿಗ್ಗೆ 7:25
ಅತ್ತೆ, ಮಾಡಿ ನೋಡಿದೆ. ‘ತಕಿಟ’ ಅಂದ ತಕ್ಷಣ ಚೊಂಬು ಹಿಡಿದು ನಿಲ್ಲಿಸಿದ. “ಅಮ್ಮಾ, ಧಿಮಿ ಎಲ್ಲಿ?”
ಕ್ಲಾಸ್ ಬೇಡ ಅಂತೇನಿಲ್ಲ, ಟ್ಯಾಬ್ ಇಲ್ಲದ್ದು ಹುಡುಕುತ್ತೇನೆ. ಆದರೆ ಇವತ್ತು ಒಂದರ ಬದಲು ಮೂರು ಬಕೆಟ್ ನೀರು ಹೋಯಿತು. ಟ್ಯಾಂಕರ್ ದುಡ್ಡು ನಿಮ್ಮದು.