ಮಾತ್ರೆ ನುಂಗಿದ ದಿನವೇ ವಾಕರಿಕೆ, ಮನಸ್ಸು ತಿಳಿಯಾಗಲು ಮಾತ್ರ ವಾರಗಟ್ಟಲೆ: ಯಾಕೆ?

ಪ್ರಶ್ನೆ (ತಿಪಟೂರಿನ ಗೃಹಿಣಿ):
ನಮಸ್ಕಾರ ಸರ್. ನನ್ನ ಮಗನಿಗೆ ಇಪ್ಪತ್ತೆರಡು ವರ್ಷ. ನಿದ್ದೆ ಇಲ್ಲ, ಯಾರ ಜೊತೇನೂ ಮಾತಿಲ್ಲ, ಸದಾ ಮಂಕಾಗಿ ಕೂತಿರ್ತಾನೆ ಅಂತ ಮನೋವೈದ್ಯರಿಗೆ ತೋರಿಸಿದ್ವಿ. ಎಸಿಟಲೋಪ್ರಾಮ್ 10 ಎಂಜಿ ಬರೆದುಕೊಟ್ರು. ಮೊದಲ ದಿನದಿಂದಲೇ ಹೊಟ್ಟೆ ತೊಳೆಸುತ್ತೆ ಅಂತಾನೆ, ತಿಂಡಿ ಸೇರ್ತಿಲ್ಲ. ಮನಸ್ಸಿಗೆ ಮಾತ್ರ ಏನೂ ವ್ಯತ್ಯಾಸ ಇಲ್ಲ. ಡಾಕ್ಟ್ರು 'ಮೂರು ನಾಲ್ಕು ವಾರ ಕಾಯಿರಿ' ಅಂದ್ರು. ತೊಂದರೆ ಕೊಡೋಕೆ ಒಂದು ದಿನ ಸಾಕು, ಗುಣ ಮಾಡೋಕೆ ತಿಂಗಳು ಬೇಕಾ? ಇದೆಂಥ ಮಾತ್ರೆ ಸರ್? ನಮ್ಮ ಓರಗಿತ್ತಿ ನಿಲ್ಲಿಸಿಬಿಡು ಅಂತಾಳೆ.

ಉತ್ತರ (ತುಮಕೂರಿನ ಔಷಧಶಾಸ್ತ್ರ ಅಧ್ಯಾಪಕ):
ಅಮ್ಮ, ಮೊದಲು ಮುಖ್ಯವಾದ ಮಾತು ಹೇಳಿಬಿಡ್ತೀನಿ: ನೀವಾಗಿ ನಿಲ್ಲಿಸಬೇಡಿ. ವಾಕರಿಕೆ ಹೆಚ್ಚಿನವರಿಗೆ ಒಂದೆರಡು ವಾರದಲ್ಲಿ ತಗ್ಗುತ್ತೆ. ಊಟ ಆದಮೇಲೆ ಮಾತ್ರೆ ಕೊಟ್ಟು ನೋಡಿ. ಹುಡುಗನ ವಯಸ್ಸು ಇಪ್ಪತ್ತೈದರ ಒಳಗಿದೆ, ಹಾಗಾಗಿ ಮೊದಲ ಕೆಲವು ವಾರ ಒಂದು ಕಣ್ಣು ಅವನ ಮೇಲಿರಲಿ. ಚಡಪಡಿಕೆ ಹೆಚ್ಚಾದರೆ, ಸಾಯುವ ಮಾತು ಬಂದರೆ, ಮುಂದಿನ ಅಪಾಯಿಂಟ್‌ಮೆಂಟ್ ಅಂತ ಕಾಯದೆ ಅವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಈಗ ನಿಮ್ಮ ಪ್ರಶ್ನೆ. ಇಂಥ ಮಾತ್ರೆಗಳು ನರಕೋಶಗಳ ನಡುವೆ ಸೆರೊಟೋನಿನ್ ಅನ್ನುವ ಸಂದೇಶ ಒಯ್ಯುವ ರಾಸಾಯನಿಕ ಹೆಚ್ಚು ಹೊತ್ತು ಉಳಿಯುವಂತೆ ಮಾಡುತ್ತವೆ, ಅದೂ ಮೊದಲ ದಿನದಿಂದಲೇ. ಆದರೆ ಸೆರೊಟೋನಿನ್‌ಗೆ ತನ್ನದೇ ಆದ ಒಂದು ನಿಗದಿತ ಕೆಲಸ ಅಂತ ಇಲ್ಲ. ಅದು ಕೋಶದ ಹೊರಗೋಡೆಯಲ್ಲಿರುವ ರಿಸೆಪ್ಟರ್ ಅನ್ನುವ ಗ್ರಾಹಕ ಪ್ರೋಟೀನ್‌ಗೆ ಬಂದು ಅಂಟಿಕೊಳ್ಳುತ್ತೆ, ಅಷ್ಟೆ. ಮುಂದೆ ಏನಾಗಬೇಕು ಅನ್ನುವುದು ಹೆಚ್ಚಾಗಿ ಆ ರಿಸೆಪ್ಟರ್‌ನ ಒಳತುದಿಗೆ ಯಾವ ಪ್ರೋಟೀನ್ ಬಂದು ಸೇರುತ್ತೆ ಅನ್ನುವುದರ ಮೇಲೆ ನಿಂತಿದೆ. ನಮ್ಮ ಬೀದಿಗಳಲ್ಲಿ ಯಾರಾದರೂ 'ನಲ್ಲಿ ನೀರು ಬಂತು' ಅಂತ ಕೂಗಿದರೆ ಒಂದು ಮನೆಯವರು ಓಡಿಹೋಗಿ ಸಂಪಿನ ಮೋಟರ್ ಹಾಕ್ತಾರೆ, ಪಕ್ಕದ ಮನೆಯವರು ಓಡುತ್ತಿದ್ದ ಬೋರ್‌ವೆಲ್ ಮೋಟರ್ ಆಫ್ ಮಾಡ್ತಾರೆ. ಕೂಗು ಒಂದೇ, ಕೆಲಸ ತದ್ವಿರುದ್ಧ.

ಸೆರೊಟೋನಿನ್ ರಿಸೆಪ್ಟರ್‌ಗಳನ್ನು ಏಳು ಕುಟುಂಬಗಳಾಗಿ ವಿಂಗಡಿಸಿದ್ದಾರೆ. ಅದರಲ್ಲಿ ಮೂರನೆಯದು, ಅಂದರೆ 5-ಎಚ್‌ಟಿ3 (5-ಎಚ್‌ಟಿ ಅನ್ನುವುದು ಸೆರೊಟೋನಿನ್‌ನದೇ ಇನ್ನೊಂದು ಹೆಸರು), ಉಳಿದವುಗಳ ಜಾತಿಗೇ ಸೇರಿದ್ದಲ್ಲ. ಐದು ತುಂಡು ಸೇರಿ ಆದ ಒಂದು ಕೊಳವೆ ಅದು. ಸೆರೊಟೋನಿನ್ ತಾಗಿದ ಕೂಡಲೇ ಬಾಯಿ ತೆರೆದು ಸೋಡಿಯಂ ಒಳಗೆ ಬಿಡುತ್ತೆ. ಮಧ್ಯವರ್ತಿ ಪ್ರೋಟೀನ್ ಬೇಕಿಲ್ಲ, ಎಲ್ಲ ಮಿಲಿಸೆಕೆಂಡ್‌ಗಳಲ್ಲಿ ಮುಗಿಯುತ್ತೆ. ದೇಹದ ಸೆರೊಟೋನಿನ್‌ನಲ್ಲಿ ಸುಮಾರು ನೂರಕ್ಕೆ ತೊಂಬತ್ತು ಪಾಲು ಇರುವುದು ಕರುಳಿನಲ್ಲಿ. ಅಲ್ಲಿಂದ ಮೆದುಳಿಗೆ ಹೋಗುವ ವೇಗಸ್ ನರದ ತುದಿಗಳಲ್ಲಿ ಈ 5-ಎಚ್‌ಟಿ3 ಕೂತಿರುತ್ತೆ. ನಿಮ್ಮ ಮಗನ ವಾಕರಿಕೆ ಮುಖ್ಯವಾಗಿ ಇಲ್ಲಿಂದ ಬಂದದ್ದು, ಅದಕ್ಕೇ ಮೊದಲ ದಿನವೇ ಬಂತು.

ಉಳಿದ ಆರು ಕುಟುಂಬಗಳ ರಿಸೆಪ್ಟರ್‌ಗಳು ಕೋಶದ ಪೊರೆಯನ್ನು ಏಳು ಸಲ ಹೊಕ್ಕು ಹೊರಬರುವ ಉದ್ದನೆಯ ಪ್ರೋಟೀನ್‌ಗಳು. ಹೊರಗೆ ಸೆರೊಟೋನಿನ್ ಕೂತಾಗ ಒಳಗಡೆ ಆರನೆಯ ಸುರುಳಿ ಸ್ವಲ್ಪ ಪಕ್ಕಕ್ಕೆ ಸರಿಯುತ್ತೆ, ಒಂದು ಸಂದು ಬಿಡುತ್ತೆ. ಆ ಸಂದಿನೊಳಗೆ ಜಿ-ಪ್ರೋಟೀನ್ ಅನ್ನುವುದರ ಬಾಲ ಬಂದು ತೂರಿಕೊಳ್ಳುತ್ತೆ. ಜಿ-ಪ್ರೋಟೀನ್ ಹಿಡಿದುಕೊಂಡಿದ್ದ ಜಿಡಿಪಿ ಅನ್ನುವ ಸಣ್ಣ ಅಣು ಕಳಚಿ ಆ ಜಾಗಕ್ಕೆ ಜಿಟಿಪಿ ಹತ್ತುತ್ತೆ, ಆಗ ಜಿ-ಪ್ರೋಟೀನ್ ಆಲ್ಫಾ ತುಂಡು ಒಂದು ಕಡೆ, ಬೀಟಾ-ಗಾಮಾ ಜೋಡಿ ಇನ್ನೊಂದು ಕಡೆ ಅಂತ ಬೇರೆಯಾಗುತ್ತೆ. ಎರಡೂ ಹೋಗಿ ಬೇರೆ ಬೇರೆ ಕೆಲಸ ಹಚ್ಚುತ್ತವೆ. ಈ ಜಿ-ಪ್ರೋಟೀನ್ ಕಂಡುಹಿಡಿದದ್ದಕ್ಕೆ ಗಿಲ್ಮನ್ ಮತ್ತು ರಾಡ್‌ಬೆಲ್‌ಗೆ 1994ರಲ್ಲಿ ನೊಬೆಲ್ ಬಂತು.

ನಿಮ್ಮ ಮಗನ ವಿಷಯಕ್ಕೆ ಬೇಕಾದದ್ದು 5-ಎಚ್‌ಟಿ1ಎ. ಸೆರೊಟೋನಿನ್ ತಯಾರಿಸುವ ನರಕೋಶಗಳು ಮೆದುಳಿನ ಕಾಂಡದಲ್ಲಿ ರಾಫೆ ಅನ್ನುವ ಜಾಗದಲ್ಲಿವೆ. ಅವು ತಮ್ಮ ಮೈಮೇಲೂ ಈ ರಿಸೆಪ್ಟರ್ ಇಟ್ಟುಕೊಂಡಿವೆ, ತಾವು ಬಿಟ್ಟದ್ದು ಎಷ್ಟು ಅಂತ ತಾವೇ ಅಳೆಯೋದಕ್ಕೆ. ಮಾತ್ರೆಯಿಂದ ಸೆರೊಟೋನಿನ್ ಏರಿದಾಗ ಒಳಗಿನ ಜಿ-ಐ ಪ್ರೋಟೀನ್ (ತಗ್ಗಿಸುವ ಬಗೆಯ ಜಿ-ಪ್ರೋಟೀನ್) ಒಡೆದು, ಅದರ ಬೀಟಾ-ಗಾಮಾ ಜೋಡಿ ಪೊಟ್ಯಾಸಿಯಂ ಹೊರಬಿಡುವ ಕಾಲುವೆ ತೆರೆಯುತ್ತೆ. ಕೋಶ ಮಂದವಾಗುತ್ತೆ, ಸೆರೊಟೋನಿನ್ ಬಿಡುವುದನ್ನು ಕಡಿಮೆ ಮಾಡುತ್ತೆ. ಅಂದರೆ ಮೊದಲ ದಿನಗಳಲ್ಲಿ ಮಾತ್ರೆ ಏರಿಸಿದ್ದನ್ನು ಮೆದುಳೇ ಇಳಿಸ್ತಾ ಇರುತ್ತೆ. ವಾರಗಟ್ಟಲೆ ಇದೇ ನಡೆದಾಗ ರಾಫೆಯ ರಿಸೆಪ್ಟರ್‌ಗೂ ಅದರ ಜಿ-ಪ್ರೋಟೀನ್‌ಗೂ ಇರುವ ಹಿಡಿತ ಸಡಿಲವಾಗುತ್ತೆ. ಆಮೇಲೇ ಕೋಶ ಮೊದಲಿನಂತೆ ಕೆಲಸಕ್ಕೆ ಇಳಿಯೋದು. ತಡಕ್ಕೆ ಇದೊಂದೇ ಕಾರಣ ಅಲ್ಲ, ಹೊಸ ಪ್ರೋಟೀನ್ ತಯಾರಾಗಬೇಕು, ನರಕೋಶಗಳ ಸಂಪರ್ಕವೂ ಬದಲಾಗಬೇಕು. ಆದರೆ ಬಹಳಷ್ಟು ಪುರಾವೆ ಇರುವ ಕಾರಣಗಳಲ್ಲಿ ಇದೊಂದು.

ಪ್ರತಿಕ್ರಿಯೆ (ಶಿರಾ, ಬಿ.ಫಾರ್ಮ್ ವಿದ್ಯಾರ್ಥಿನಿ):
ಸರ್, ಒಂದು ಡೌಟು. 5-ಎಚ್‌ಟಿ1ಎ ಮೆದುಳಿನ ನೆನಪಿನ ಭಾಗವಾದ ಹಿಪೊಕ್ಯಾಂಪಸ್‌ನಲ್ಲೂ ಇದೆಯಲ್ವಾ? ಅಲ್ಲೂ ಹಿಡಿತ ಸಡಿಲವಾದರೆ ಔಷಧಿಯ ಪ್ರಯೋಜನವೇ ಹೋಗಲ್ವಾ? ಹಾಗೇ ರಿಸೆಪ್ಟರ್‌ಗೆ ಅಂಟುವ ಬೇರೆ ಪ್ರೋಟೀನ್‌ಗಳು, ಅರೆಸ್ಟಿನ್, ಪಿ11 ಅಂತೆಲ್ಲ ಓದಿದ್ದೀನಿ. ಜಿ-ಪ್ರೋಟೀನ್ ಬರೆದರೆ ಸಾಕಾ, ಇವನ್ನೂ ಬರೀಬೇಕಾ?

ಉತ್ತರ:
ಒಳ್ಳೇ ಪ್ರಶ್ನೆ ಕಣಮ್ಮ. ಇಲಿಗಳ ಮೆದುಳಿನಲ್ಲಿ ನೋಡಿದಾಗ ರಾಫೆಯಲ್ಲಿ 5-ಎಚ್‌ಟಿ1ಎ ಹೆಚ್ಚಾಗಿ ಜಿ-ಐ3 ಜೊತೆ ಸೇರುತ್ತೆ, ಹಿಪೊಕ್ಯಾಂಪಸ್‌ನಲ್ಲಿ ಮುಖ್ಯವಾಗಿ ಜಿ-ಓ ಜೊತೆ. ರಿಸೆಪ್ಟರ್ ಒಂದೇ, ಜೊತೆಗಾರ ಬೇರೆ. ದಿನಾ ಔಷಧಿ ಕೊಟ್ಟಾಗ ರಾಫೆಯದು ಸಡಿಲವಾಗುತ್ತೆ, ಹಿಪೊಕ್ಯಾಂಪಸ್‌ನದು ಬಹುಪಾಲು ಹಾಗೇ ಉಳಿಯುತ್ತೆ. ಜೊತೆಗಾರ ಬೇರೆ ಆದದ್ದು ಇದಕ್ಕೆ ಒಂದು ಕಾರಣ ಇರಬಹುದು ಅಂತ ನನಗನ್ನಿಸುತ್ತೆ.

ಪರೀಕ್ಷೆಗೆ ಮೂಲಪಾಠ ಇಷ್ಟು: 1 ಮತ್ತು 5ನೇ ಕುಟುಂಬ ಜಿ-ಐ ಅಥವಾ ಜಿ-ಓ ಹಿಡಿದು, ಕೋಶದೊಳಗೆ ಸಂದೇಶ ಸಾಗಿಸುವ ಸೈಕ್ಲಿಕ್ ಎಎಂಪಿ ಇಳಿಸುತ್ತವೆ. 4, 6, 7 ಜಿ-ಎಸ್ ಹಿಡಿದು ಅದನ್ನೇ ಏರಿಸುತ್ತವೆ. 2ನೆಯದು ಜಿ-ಕ್ಯೂ ಹಿಡಿದು ಫಾಸ್ಫೊಲೈಪೇಸ್ ಸಿ ಅನ್ನುವ ಕಿಣ್ವ ಎಬ್ಬಿಸುತ್ತೆ, ಅದರಿಂದ ಐಪಿ3 ಅನ್ನುವ ಅಣು ಹುಟ್ಟಿ ಕೋಶದೊಳಗೆ ಕೂಡಿಟ್ಟ ಕ್ಯಾಲ್ಸಿಯಂ ಹೊರಬರುತ್ತೆ. ಇಷ್ಟು ಬರೆದರೆ ಪಾಸು. ಆದರೆ ಈಗಿನ ಸಂಶೋಧನೆಯ ರುಚಿ ಇರುವುದು ನೀನು ಕೇಳಿದ ಉಳಿದವುಗಳಲ್ಲೇ.

ಅರೆಸ್ಟಿನ್ ತಗೋ. ರಿಸೆಪ್ಟರ್ ಬಹಳ ಹೊತ್ತು ಎಚ್ಚರವಾಗಿದ್ದರೆ ಜಿಆರ್‌ಕೆ ಅನ್ನುವ ಕೈನೇಸ್ (ಫಾಸ್ಫೇಟ್ ಅಂಟಿಸುವ ಕಿಣ್ವ) ಅದರ ಒಳಬಾಲಕ್ಕೆ ಫಾಸ್ಫೇಟ್ ಅಂಟಿಸುತ್ತೆ. ಆಗ ಬೀಟಾ-ಅರೆಸ್ಟಿನ್ ಬಂದು ಜಿ-ಪ್ರೋಟೀನ್‌ಗೆ ಜಾಗ ಇಲ್ಲದಂತೆ ಮಾಡಿ, ರಿಸೆಪ್ಟರನ್ನು ಕೋಶದೊಳಕ್ಕೆ ಎಳೆಸುತ್ತೆ. 2012ರ ರಸಾಯನಶಾಸ್ತ್ರದ ನೊಬೆಲ್ ಪಡೆದ ಲೆಫ್ಕೊವಿಟ್ಜ್ ಹೆಸರು ಕೇಳಿದ್ದೀಯಲ್ಲ, ಇದರ ಬಹುಭಾಗ ಅವರ ಪ್ರಯೋಗಾಲಯದಲ್ಲಿ ಅಡ್ರಿನಲಿನ್ ರಿಸೆಪ್ಟರ್ ಮೇಲೆ ತಿಳಿದುಬಂದದ್ದು. ಆದರೆ ಎಲ್ಲಕ್ಕೂ ಒಂದೇ ಸೂತ್ರ ಹಚ್ಚಬೇಡ. 5-ಎಚ್‌ಟಿ2ಎ ಮೇಲೆ ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್‌ನಲ್ಲಿ ಮಿತ್ರದಾಸ್ ಪಣಿಕ್ಕರ್ ಅವರ ತಂಡ ಕೆಲಸ ಮಾಡಿತ್ತು. ಸೆರೊಟೋನಿನ್ ತಾಗಿದಾಗ ಆ ರಿಸೆಪ್ಟರ್ ಒಳಹೋಗೋದಕ್ಕೆ ಪ್ರೋಟೀನ್ ಕೈನೇಸ್ ಸಿ ಬೇಕು, ಒಳಹೋದದ್ದು ಸುಮಾರು ಎರಡೂವರೆ ಗಂಟೆಯಲ್ಲಿ ಮತ್ತೆ ಮೇಲಕ್ಕೆ ಬರುತ್ತೆ ಅಂತ 2002ರಲ್ಲಿ ತೋರಿಸಿದರು. ನಮ್ಮ ಊರಿಂದ ಎರಡು ಗಂಟೆ ದಾರಿಯ ಜಾಗ ಅದು, ಪ್ರಾಜೆಕ್ಟ್ ಮಾಡೋ ಆಸೆ ಇದ್ದರೆ ಅಂಥ ಕಡೆ ಬರೆದು ಕೇಳು. ಪಠ್ಯದಲ್ಲಿ ಬರೀ ಅಮೆರಿಕದ ಹೆಸರು ನೋಡಿ ನೋಡಿ ನಮ್ಮ ಮಕ್ಕಳು ಇಲ್ಲೇ ಆದ ಕೆಲಸ ಮರೆತಿದ್ದಾರೆ.

ಪಿ11ದು ಬೇರೆ ದಾರಿ. ಅದು 5-ಎಚ್‌ಟಿ1ಬಿಗೆ ಅಂಟಿಕೊಂಡು, ಆ ರಿಸೆಪ್ಟರ್ ಕೋಶದ ಮೇಲ್ಮೈಯಲ್ಲಿ ಹೆಚ್ಚು ಇರುವಂತೆ ನೋಡಿಕೊಳ್ಳುತ್ತೆ. ಅಮೆರಿಕದ ನರವಿಜ್ಞಾನಿ ಪಾಲ್ ಗ್ರೀನ್‌ಗಾರ್ಡ್ ಅವರ ತಂಡ 2006ರಲ್ಲಿ ಇದನ್ನು ಪ್ರಕಟಿಸಿತು. ಖಿನ್ನತೆ ಇದ್ದು ತೀರಿಕೊಂಡವರ ಮೆದುಳಿನಲ್ಲಿ ಪಿ11 ಕಡಿಮೆ ಇತ್ತು, ಔಷಧಿ ಕೊಟ್ಟ ಇಲಿಗಳಲ್ಲಿ ಅದು ಏರಿತು. ಸೆರೊಟೋನಿನ್ ಎಷ್ಟೇ ಇರಲಿ, ಅದನ್ನು ಹಿಡಿಯುವ ರಿಸೆಪ್ಟರ್ ಮೇಲಕ್ಕೆ ಬರದೇ ಇದ್ದರೆ ಏನು ಪ್ರಯೋಜನ? 'ಸೆರೊಟೋನಿನ್ ಕಡಿಮೆ, ಅದಕ್ಕೇ ಖಿನ್ನತೆ' ಅನ್ನೋ ಒಂದು ಗೆರೆಯ ವಿವರಣೆ ನನಗೆ ಒಪ್ಪಿಗೆ ಆಗದಿರೋದು ಇದಕ್ಕೇ.

ಪ್ರತಿಕ್ರಿಯೆ (ಗುಬ್ಬಿ, ನಿವೃತ್ತ ಶಿಕ್ಷಕರು):
ಬಾಳೆಹಣ್ಣಿನಲ್ಲಿ ಸೆರೊಟೋನಿನ್ ಇದೆ, ದಿನಕ್ಕೆರಡು ತಿಂದರೆ ಮಾತ್ರೆಯೇ ಬೇಡ ಅಂತ ಒಂದು ಫಾರ್ವರ್ಡ್ ಬಂದಿದೆ. ನಿಜವೇ?

ಉತ್ತರ:
ಇದೆ ಮೇಷ್ಟ್ರೇ, ಆದರೆ ರಕ್ತದಲ್ಲಿರುವ ಸೆರೊಟೋನಿನ್ ಮೆದುಳಿಗೆ ದಾಟಲ್ಲ. ಹಣ್ಣು ಹಣ್ಣಾಗಿ ತಿನ್ನಿ.

ಪ್ರತಿಕ್ರಿಯೆ (ಮಧುಗಿರಿ, ಮೆಡಿಕಲ್ ಸ್ಟೋರ್):
ಸರ್, ವಾಕರಿಕೆ 5-ಎಚ್‌ಟಿ3ಯಿಂದ ಅಂದ್ರಿ. ಹಾಗಾದ್ರೆ ವಾಂತಿ ತಡೆಯೋ ಒಂಡಾನ್ಸೆಟ್ರಾನ್ ಕೊಟ್ರೆ ಸರಿಹೋಗುತ್ತಲ್ವಾ? ಕೌಂಟರ್‌ನಲ್ಲಿ ಜನ ಕೇಳ್ತಾರೆ.

ಉತ್ತರ:
ಲೆಕ್ಕ ಸರಿ ಸರ್, ಒಂಡಾನ್ಸೆಟ್ರಾನ್ ಮುಚ್ಚುವುದು ಅದೇ ಕೊಳವೆಯನ್ನ. ಆದರೆ ಎಸಿಟಲೋಪ್ರಾಮ್, ಒಂಡಾನ್ಸೆಟ್ರಾನ್ ಎರಡೂ ಇಸಿಜಿಯಲ್ಲಿ ಕ್ಯೂಟಿ ಅಂತರ (ಒಂದು ಬಡಿತದಲ್ಲಿ ಹೃದಯದ ವಿದ್ಯುತ್ ಚಟುವಟಿಕೆ ಮುಗಿಯಲು ಹಿಡಿಯುವ ಹೊತ್ತು) ಉದ್ದ ಮಾಡಬಲ್ಲವು. ಹೃದಯದ ತೊಂದರೆ ಇದ್ದವರಿಗೆ, ವಾಂತಿಭೇದಿಯಿಂದ ಪೊಟ್ಯಾಸಿಯಂ ಇಳಿದವರಿಗೆ ಇದು ಅಪಾಯ. ಡಾಕ್ಟರ ಚೀಟಿ ಇಲ್ಲದೆ ಕೊಡಬೇಡಿ. ಡಾಂಪೆರಿಡೋನ್ ಕೊಟ್ಟರೂ ಅದೇ ಕಥೆ.

ಹೊಟ್ಟೆಗೆ ಅಂತ ನೀವು ಮಾರುವ ಮೊಸಾಪ್ರೈಡ್ ಹಿಡಿಯುವುದು 5-ಎಚ್‌ಟಿ4ನ್ನು, ಅದು ಜಿ-ಎಸ್ ಮೂಲಕ ಕರುಳಿನ ಚಲನೆ ಹೆಚ್ಚಿಸುತ್ತೆ. ಮೈಗ್ರೇನ್‌ನ ಸುಮಾಟ್ರಿಪ್ಟಾನ್ 5-ಎಚ್‌ಟಿ1ಬಿ, 1ಡಿ. ಒಂದೇ ಕೌಂಟರ್‌ನಲ್ಲಿ ಇಷ್ಟು ಬಗೆ. ತಪ್ಪು ರಿಸೆಪ್ಟರ್ ತಾಗಿದರೆ ಏನಾಗುತ್ತೆ ಅನ್ನೋದಕ್ಕೆ ಫೆನ್‌ಫ್ಲುರಮಿನ್ ನೋಡಿ. ತೂಕ ಇಳಿಸೋ ಮಾತ್ರೆ ಅಂತ ಮಾರಿದರು. ಅದು ದೇಹದಲ್ಲಿ ಬದಲಾಗಿ ಹೃದಯದ ಕವಾಟದ 5-ಎಚ್‌ಟಿ2ಬಿ ಎಬ್ಬಿಸಿತು, ಒಳಗಿನ ಜಿ-ಕ್ಯೂ ದಾರಿಯಿಂದ ಕವಾಟದ ಕೋಶಗಳು ಬೆಳೆದು ಕವಾಟ ದಪ್ಪವಾಯಿತು. 1997ರಲ್ಲಿ ಅಮೆರಿಕದಲ್ಲಿ ಹಿಂತೆಗೆದುಕೊಂಡರು.

ಪ್ರತಿಕ್ರಿಯೆ (ತಿಪಟೂರಿನ ಗೃಹಿಣಿ):
ಅರ್ಧ ಅರ್ಥವಾಯ್ತು, ಅರ್ಧ ಇಲ್ಲ ಸರ್, ಆದ್ರೆ ಮಾತ್ರೆ ನಿಲ್ಲಿಸಲ್ಲ. ಇನ್ನೊಂದು ಮಾತು. ಅವನು ತೋಟದಲ್ಲಿ ಕಾಯಿ ಹೊತ್ತು ಸೊಂಟ ಹಿಡ್ಕೊಂಡಿದೆ. ಅವರಪ್ಪನಿಗೆ ಕೊಟ್ಟಿದ್ದ ನೋವಿನ ಮಾತ್ರೆ ಇದೆ, ಮೇಲೆ ಟ್ರಮಡಾಲ್ ಅಂತ ಬರೆದಿದೆ. ಕೊಡ್ಲಾ?

ಉತ್ತರ:
ಬೇಡ ಅಮ್ಮ, ಖಂಡಿತಾ ಬೇಡ. ಟ್ರಮಡಾಲ್ ಕೂಡ ಸೆರೊಟೋನಿನ್ ಏರಿಸುತ್ತೆ. ಎರಡೂ ಸೇರಿದರೆ ಕೈಕಾಲು ನಡುಕ, ಅದರುವಿಕೆ, ವಿಪರೀತ ಬೆವರು, ಜ್ವರ, ಭೇದಿ, ಗೊಂದಲ ಬರಬಹುದು. ಕೆಲವೊಮ್ಮೆ ಫಿಟ್ಸ್ ಬರುವುದೂ ಉಂಟು. ಈಗಾಗಲೇ ಕೊಟ್ಟು ಇಂಥ ಲಕ್ಷಣ ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಿ, ಎರಡೂ ಮಾತ್ರೆಗಳ ಸ್ಟ್ರಿಪ್ ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಬರೀ ಸೊಂಟನೋವಾದರೆ ಬಿಸಿನೀರಿನ ಶಾಖ ಕೊಡಿ. ಲಿವರ್ ತೊಂದರೆ ಇಲ್ಲದಿದ್ದರೆ ಪ್ಯಾರಾಸಿಟಮಾಲ್ ಆಗುತ್ತೆ. ಐಬುಪ್ರೊಫೆನ್, ಡೈಕ್ಲೊಫಿನಾಕ್ ಈ ಮಾತ್ರೆ ಜೊತೆ ಹೊಟ್ಟೆಯಲ್ಲಿ ರಕ್ತಸ್ರಾವದ ಸಾಧ್ಯತೆ ಹೆಚ್ಚಿಸುತ್ತವೆ, ಕೇಳದೆ ಕೊಡಬೇಡಿ. ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಅವನು ನುಂಗುತ್ತಿರೋ ಎಲ್ಲ ಮಾತ್ರೆಗಳನ್ನೂ, ಆಯುರ್ವೇದದ್ದಿದ್ದರೆ ಅದನ್ನೂ ಒಂದು ಕವರ್‌ಗೆ ಹಾಕ್ಕೊಂಡು ಹೋಗಿ ತೋರಿಸಿ.