ಡಿಸೆಂಬರ್ ಒಳಗೆ ಕಾದಂಬರಿ ಪ್ರಿಂಟ್ ಹಾಕಿಸಬೇಕಾ? ಸ್ವಂತ ಪ್ರಕಟಣೆ, ಮುಂದಿನ ವರ್ಷದ ಲೆಕ್ಕ
(ಆನ್‌ಲೈನ್ ಚರ್ಚೆ. ಕೇಳಿದವರ ಅಡ್ಡಹೆಸರು ಕರಡುಪ್ರತಿ; ಫಾರಂಲೆಕ್ಕ, ತೋಟದಮನೆ, ಒತ್ತಕ್ಷರ ಉತ್ತರ ಕೊಟ್ಟವರು.)

ಕರಡುಪ್ರತಿ:
ಕಾದಂಬರಿಯ ಮೊದಲ ಕರಡು ಮುಗಿದಿದೆ. ಸುಮಾರು 46,000 ಪದ, ಎಲ್ಲವೂ ನುಡಿ ತಂತ್ರಾಂಶದ ಹಳೇ ಫಾಂಟಿನಲ್ಲಿದೆ, ಎಲ್ಲ ಕಡೆ ಓದಿಸಿಕೊಳ್ಳುವ ಯೂನಿಕೋಡ್ ಅಲ್ಲ. ನಾನೇ 500 ಪ್ರತಿ ಹಾಕಿಸಬೇಕು ಅಂತಿದ್ದೇನೆ. ಈಗ ನವೆಂಬರ್ ಕೊನೆ. ಡಿಸೆಂಬರ್ 31ರೊಳಗೆ ಪುಸ್ತಕ ಬಂದರೆ ಈ ವರ್ಷದ ಸರ್ಕಾರಿ ಲೈಬ್ರರಿಗಳ ಪುಸ್ತಕ ಆಯ್ಕೆಗೂ ಸಾಹಿತ್ಯ ಅಕಾಡೆಮಿ ಬಹುಮಾನಕ್ಕೂ ಕಳಿಸಬಹುದು ಅಂತ ಗೆಳೆಯರು ಅವಸರ ಮಾಡ್ತಿದ್ದಾರೆ. ವಾರವಿಡೀ ಸಾಗರದಲ್ಲಿ ಕಚೇರಿ, ಶನಿವಾರ-ಭಾನುವಾರ ಮನೆಯ ಅಡಿಕೆ ಕೊಯ್ಲು, ಫೆಬ್ರವರಿವರೆಗೂ ಹೀಗೇ. ಎರಡನೇ ಕಾದಂಬರಿಗೆ ಟಿಪ್ಪಣಿಯೂ ತಯಾರಿದೆ. ವರ್ಷವನ್ನು ಹೇಗೆ ಹೊಂದಿಸಿಕೊಳ್ಳೋದು?

ಫಾರಂಲೆಕ್ಕ:
ಡಿಸೆಂಬರ್ ಬೇಡ. ಲೈಬ್ರರಿಯ ಸಗಟು ಖರೀದಿ, ಅಕಾಡೆಮಿ ಬಹುಮಾನ ಎರಡೂ ನೋಡೋದು ಆ ಕ್ಯಾಲೆಂಡರ್ ವರ್ಷದ ಪ್ರಥಮ ಮುದ್ರಣವನ್ನು. ಡಿಸೆಂಬರ್ 28ಕ್ಕೆ ಬಂದ ಪುಸ್ತಕ ಜನವರಿಗೆ ‘ಹೋದ ವರ್ಷದ್ದು’ ಆಗಿಬಿಡುತ್ತೆ. ಅಂಗಡಿಯಲ್ಲೂ ಓದುಗರ ಕಣ್ಣಲ್ಲೂ ಅದು ಹಳೇ ಪುಸ್ತಕವೇ. ಅದೇ ಪುಸ್ತಕ ಮೇನಲ್ಲಿ ಬಂದರೆ ಎಂಟು ತಿಂಗಳು ಹೊಸದಾಗಿರುತ್ತೆ. ಆಯ್ಕೆಗೆ ಕಳಿಸುವ ಅವಕಾಶ ಎಲ್ಲಿಗೂ ಹೋಗಲ್ಲ, ಮುಂದಿನ ವರ್ಷದ ಆಯ್ಕೆಗೆ ಹೋಗುತ್ತೆ ಅಷ್ಟೆ.

ಇನ್ನೊಂದು, ಡಿಸೆಂಬರ್‌ನಲ್ಲಿ ಪ್ರೆಸ್ಸುಗಳಲ್ಲಿ ಕ್ಯಾಲೆಂಡರ್, ಡೈರಿ, ಜೊತೆಗೆ ಇಸವಿ ಹಿಡಿಯಬೇಕೆಂದು ಓಡಿ ಬಂದ ನಿಮ್ಮಂಥ ಎಲ್ಲರ ಪುಸ್ತಕ. ಆಗ ಮೊದಲು ಬಲಿಯಾಗೋದು ಕೊನೇ ಪ್ರೂಫ್. ಲೈಬ್ರರಿ ಖರೀದಿಯ ದುಡ್ಡನ್ನಂತೂ ಬಜೆಟ್ಟಿಗೆ ಸೇರಿಸಲೇಬೇಡಿ. ಬಂದರೆ ಬಂತು.

ಪುಟದ ಲೆಕ್ಕ: ಡೆಮಿ 1/8 ಅಳತೆ (ಕಾದಂಬರಿಗಳ ಸಾಮಾನ್ಯ ಆಕಾರ), 12 ಪಾಯಿಂಟ್ ಅಕ್ಷರ, ಪುಟಕ್ಕೆ 32 ಸಾಲು ಅಂದರೆ ಸುಮಾರು 230 ಪದ. 46,000 ಪದಕ್ಕೆ 200 ಪುಟ, ಶೀರ್ಷಿಕೆ-ಅರ್ಪಣೆ-ಮಾತು ಎಲ್ಲ ಸೇರಿ 8, ಒಟ್ಟು 208. ಫಾರಂ ಅಂದರೆ ಒಟ್ಟಿಗೆ ಅಚ್ಚಾಗುವ 16 ಪುಟ, ಸರಿಯಾಗಿ 13 ಫಾರಂ. ತಿದ್ದಿದ ಮೇಲೆ 211 ಪುಟಕ್ಕೆ ನಿಂತರೆ ಆ 3 ಪುಟಕ್ಕಾಗಿ ಅರ್ಧ ಫಾರಮ್ಮಿನ ದುಡ್ಡು ಕೊಡಬೇಕು. ಅಧ್ಯಾಯಗಳ ಕೊನೆಯಲ್ಲಿ ಎರಡೇ ಸಾಲು ಉಳಿದಿರುವ ಪುಟಗಳನ್ನು ಹುಡುಕಿ, ಅಲ್ಲೇ ಒಂದೊಂದು ವಾಕ್ಯ ಬಿಗಿ ಮಾಡಿದರೆ 3 ಪುಟ ಸಿಕ್ಕೇ ಸಿಗುತ್ತೆ.

ತೂಕವನ್ನೂ ಈಗಲೇ ನೋಡಿ. 70 ಜಿಎಸ್‌ಎಂ (ಚದರ ಮೀಟರಿಗೆ 70 ಗ್ರಾಂ ತೂಗುವ) ಮ್ಯಾಪ್ಲಿತೊ ಕಾಗದದ 208 ಪುಟ ಸುಮಾರು 220 ಗ್ರಾಂ, 300 ಜಿಎಸ್‌ಎಂ ಆರ್ಟ್ ಕಾರ್ಡ್ ರಕ್ಷಾಪುಟ 20 ಗ್ರಾಂ. ಅಂಚೆ ಕವರ್ ಸೇರಿಸಿದರೂ 300 ಗ್ರಾಂ ಒಳಗೆ. 2025ರ ಮೇ 1ರಿಂದ ಇರುವ ಅಂಚೆ ಇಲಾಖೆಯ ಪುಸ್ತಕ ಕಳಿಸುವ ಸೇವೆ ಜ್ಞಾನ್ ಪೋಸ್ಟ್‌ನಲ್ಲಿ 300 ಗ್ರಾಂವರೆಗೆ 20 ರೂಪಾಯಿ, ತೆರಿಗೆ ಬೇರೆ. 256 ಪುಟ ಮಾಡಿದಿರೋ, ಪ್ರತಿ ಪಾರ್ಸೆಲ್ಲೂ ಮೇಲಿನ ಹಂತಕ್ಕೆ ಹತ್ತುತ್ತೆ. ಈ ಸೇವೆಗೆ ಪುಸ್ತಕದ ಮೇಲೆ ಪ್ರಕಾಶಕರ ಅಥವಾ ಮುದ್ರಕರ ಹೆಸರು ಇರಲೇಬೇಕು, ಒಳಗೆ ಜಾಹೀರಾತು ಇರಬಾರದು.

ತೋಟದಮನೆ:
ಸಾಗರದವರಿಗೆ ‘ಚಳಿಗಾಲದಲ್ಲಿ ಕೂತು ಬರೀರಿ’ ಅನ್ನೋ ಉಪದೇಶ ನಡೆಯಲ್ಲ. ಮರ ಹತ್ತಿ ಅಡಿಕೆ ಗೊನೆ ಇಳಿಸುವ ಕೊನೆಗೌಡ ಯಾವತ್ತು ಬರ್ತಾನೋ ಅವತ್ತೇ ಕೊಯ್ಲು. ರಾತ್ರಿ ಸುಲಿತ, ಬೆಳಿಗ್ಗೆ ಬೇಯಿಸೋದು, ಮೋಡ ಬಂದರೆ ಒಣಹಾಕಿದ್ದನ್ನು ಎತ್ತೋದು. ಇಲ್ಲಿ ಹೊಸದು ಬರೆಯುವ ಕಾಲ ಅಂದರೆ ಮಳೆಗಾಲ. ಚಳಿಗಾಲಕ್ಕೆ ತುಂಡು ತುಂಡಾಗಿ ಆಗುವ ಕೆಲಸ ಇಟ್ಟುಕೊಳ್ಳಿ. ದಿನಕ್ಕೆ 6 ಪುಟ ತಿದ್ದಿದರೂ 200 ಪುಟ 34 ದಿನಕ್ಕೆ ಮುಗಿಯುತ್ತೆ.

ಮೊದಲು ಮೂರು ವಾರ ಹಸ್ತಪ್ರತಿ ಮುಟ್ಟಬೇಡಿ. ಆಮೇಲೆ 14 ಪಾಯಿಂಟಿನಲ್ಲಿ, ಒಂದೇ ಮಗ್ಗುಲಿಗೆ, ಸಾಲಿನ ನಡುವೆ ಜಾಗ ಬಿಟ್ಟು ಎ4 ಹಾಳೆಯಲ್ಲಿ ತೆಗೆಸಿ. ಪರದೆ ಮೇಲೆ ಕಾಣದ ತಪ್ಪು ಹಾಳೆ ಮೇಲೆ ಕಾಣುತ್ತೆ. ಮೂರು ಪಟ್ಟಿ ಬೇಕು. ಒಂದು, ಸಂಬಂಧದ ಪಟ್ಟಿ: 12ನೇ ಪುಟದ ‘ಅಪ್ಪಚ್ಚಿ’ 90ನೇ ಪುಟದಲ್ಲಿ ‘ಚಿಕ್ಕಪ್ಪ’ ಆಗಿರುತ್ತಾರೆ. ಎರಡು, ಮಾತಿನ ಪಟ್ಟಿ: ಹವ್ಯಕ ಮಾತಿನಲ್ಲಿ ‘ಬತ್ತಿ’ ಅನ್ನುವ ಅಜ್ಜ ಮುಂದಿನ ಅಧ್ಯಾಯದಲ್ಲಿ ‘ಬರ್ತೀನಿ’ ಅಂದರೆ ಊರೇ ಬದಲಾದ ಹಾಗೆ. ಸಂಭಾಷಣೆಯನ್ನು ಗಟ್ಟಿಯಾಗಿ ಓದದೆ ಇದು ಸಿಗಲ್ಲ. ಮೂರು, ಕಾಲದ ಪಟ್ಟಿ: ಪ್ರತಿ ದೃಶ್ಯದ ಪಕ್ಕದಲ್ಲಿ ತಿಂಗಳು ಬರೆಯಿರಿ. ಆಷಾಢದಲ್ಲಿ ಕೊನೆಗೌಡ ಮರ ಹತ್ತುವುದು ಕೊಳೆರೋಗಕ್ಕೆ ಔಷಧಿ ಹೊಡೆಯೋದಕ್ಕೆ, ಕೊಯ್ಲಿಗಲ್ಲ. ಡಿಸೆಂಬರ್‌ನಲ್ಲಿ ಅಪ್ಪೆಮಿಡಿ (ಉಪ್ಪಿನಕಾಯಿಯ ಮಾವಿನಮಿಡಿ) ಉಪ್ಪಿಗೆ ಹಾಕಿದರೆ ಮಲೆನಾಡಿನ ಓದುಗ ಪುಸ್ತಕ ಅಲ್ಲೇ ಮಡಚಿಡ್ತಾನೆ. ಆಗಿನ್ನೂ ಮರದಲ್ಲಿ ಹೂವು.

ಎರಡನೇ ಕಾದಂಬರಿಯನ್ನು ಈಗ ಶುರು ಮಾಡಬೇಡಿ. ಸುಲಿಯುವಾಗ ಹೊಳೆದದ್ದನ್ನು ಫೋನಿಗೆ ಹೇಳಿಟ್ಟುಕೊಂಡರೆ ಸಾಕು. ವಾಯ್ಸ್ ಟೈಪಿಂಗ್‌ಗಿಂತ ಬರೀ ರೆಕಾರ್ಡಿಂಗ್ ಒಳ್ಳೇದು, ಟೈಪಿಂಗ್‌ನಲ್ಲಿ ಹವ್ಯಕ ಮಾತೆಲ್ಲ ಪುಸ್ತಕದ ಕನ್ನಡ ಆಗಿ ಕೂರುತ್ತೆ.

ಒತ್ತಕ್ಷರ:
ತಿದ್ದುವ ಮೊದಲೇ ಯೂನಿಕೋಡಿಗೆ ತನ್ನಿ. ತಿದ್ದಿದ ಮೇಲೆ ಪರಿವರ್ತಿಸಿದರೆ ಪ್ರೂಫ್ ಇನ್ನೊಂದು ಸಲ ನೋಡಬೇಕಾಗುತ್ತೆ. ಮೂಲ ಫೈಲ್ ಹಾಗೇ ಇಟ್ಟು, ಅಧ್ಯಾಯಕ್ಕೊಂದರಂತೆ ಪರಿವರ್ತಿಸಿ. ಪ್ರತಿ ಸಲವೂ ಕೆಡುವ ಜಾಗಗಳು ಇವು:

ನಡುವೆ ಬರುವ ಇಂಗ್ಲಿಷ್ ಪದ, ಉದ್ಧರಣ ಚಿಹ್ನೆ, ಗೀಟು ಇವು ಕನ್ನಡ ಅಕ್ಷರಗಳ ಕಲಸುಮೇಲೋಗರ ಆಗುತ್ತವೆ. ಅನುಸ್ವಾರದ ಬದಲು ಸೊನ್ನೆ ಒತ್ತುವ ಅಭ್ಯಾಸ ಇದ್ದರೆ ‘ಮನೆಯಿಂದ’ ಅನ್ನೋದು ‘ಮನೆಯಿ೦ದ’ ಆಗಿರುತ್ತೆ. ಕಣ್ಣಿಗೆ ವ್ಯತ್ಯಾಸವೇ ಕಾಣಲ್ಲ, ಆದರೆ ಫೈಂಡ್‌ನಲ್ಲಿ ಹುಡುಕಿದರೆ ಸಿಗಲ್ಲ, ಇ-ಪುಸ್ತಕ ಮಾಡಿದಾಗಲೂ ಹುಡುಕಾಟ ಕೈಕೊಡುತ್ತೆ. ಅಕ್ಷರಕ್ಕೆ ಅಂಟಿಕೊಂಡ ೦ ಎಲ್ಲವನ್ನೂ ಂ ಮಾಡಿ, ನಿಜವಾದ ಅಂಕಿಗಳನ್ನು ಮಾತ್ರ ಬಿಡಿ. ಹಾಗೇ ‘ಫೇಸ್‌ಬುಕ್’ ಕೂಡಿಕೊಂಡು ‘ಫೇಸ್ಬುಕ್’ ಆಗಿರುತ್ತೆ.

ಇನ್‌ಡಿಸೈನ್‌ನಲ್ಲಿ ಪುಟ ಕಟ್ಟಿಸುವುದಾದರೆ ಭಾರತೀಯ ಲಿಪಿ ಸರಿಯಾಗಿ ಜೋಡಿಸುವ ವರ್ಲ್ಡ್-ರೆಡಿ ಕಂಪೋಸರ್ ಆನ್ ಇದೆಯಾ ಅಂತ ಡಿಟಿಪಿಯವರನ್ನು ಕೇಳಿ. ಇಲ್ಲದಿದ್ದರೆ ಒತ್ತಕ್ಷರ ಕೆಳಗೆ ಕೂರದೆ ಬಿಡಿಬಿಡಿಯಾಗಿ ನಿಲ್ಲುತ್ತವೆ. ಪಿಡಿಎಫ್ ಪ್ರೂಫಿನಲ್ಲಿ ‘ರಾಷ್ಟ್ರ’, ‘ವಾತ್ಸಲ್ಯ’, ‘ಸೂರ್ಯ’ ಇರುವ ಪುಟ ಮೊದಲು ತೆರೆದು ನೋಡಿ.

ಕರಡುಪ್ರತಿ:
ಹಾಗಾದರೆ ಜನವರಿವರೆಗೆ ಪರಿವರ್ತನೆ, ಫೆಬ್ರವರಿ ಕೊನೆಯೊಳಗೆ ತಿದ್ದೋದು, ಮಾರ್ಚ್-ಏಪ್ರಿಲ್ ಪುಟವಿನ್ಯಾಸ ಮತ್ತು ಪ್ರೂಫ್, ಮೇನಲ್ಲಿ ಪ್ರಿಂಟ್? ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ಯಾವಾಗ? ಬೆಲೆ 200 ಇಟ್ಟರೆ ನಡೆಯುತ್ತಾ?

ಫಾರಂಲೆಕ್ಕ:
ಸರಿಯಾಗಿದೆ. ಮೇ ದಾಟಿಸಬೇಡಿ. ಮಳೆ ಹಿಡಿದ ಮೇಲೆ ಕಾಗದ ತೇವ ಎಳೆದುಕೊಳ್ಳುತ್ತೆ. ರಕ್ಷಾಪುಟಕ್ಕೆ ಲ್ಯಾಮಿನೇಶನ್ ಒಂದೇ ಮಗ್ಗುಲಿಗೆ ಇರೋದರಿಂದ ಒಳಮೈ ಹಿಗ್ಗಿ, ಪುಸ್ತಕದ ಬಾಯಿ (ತೆರೆಯುವ ಅಂಚು) ಸುರುಳಿ ಏಳುತ್ತೆ. ಆರ್ಡರ್ ಕೊಡುವಾಗ ‘ಕಾಗದದ ಗ್ರೇನ್ (ನಾರಿನ ದಿಕ್ಕು) ಬೆನ್ನಿಗೆ ಸಮಾನಾಂತರ ಇರಲಿ’ ಅಂತ ಬರೆದು ಕೊಡಿ. ಅಡ್ಡ ಗ್ರೇನ್ ಆದರೆ ಪುಟ ತೆರೆದು ನಿಲ್ಲಲ್ಲ, ಬೆನ್ನಿನ ಹತ್ತಿರ ಅಲೆಅಲೆಯಾಗುತ್ತೆ. ಬೆನ್ನಿನ ದಪ್ಪ 208 ಪುಟಕ್ಕೆ ಹೆಚ್ಚುಕಡಿಮೆ 10 ಮಿ.ಮೀ. ಪ್ರೆಸ್ಸಿನವರಿಂದ ಅದೇ ಕಾಗದದ ಖಾಲಿ ಡಮ್ಮಿ ಕಟ್ಟಿಸಿ ಅಳೆದ ಮೇಲೇ ರಕ್ಷಾಪುಟ ಅಂತಿಮ ಮಾಡಿ.

ಐಎಸ್‌ಬಿಎನ್ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿಯಿಂದ ಆನ್‌ಲೈನ್‌ನಲ್ಲೇ ಉಚಿತ, ಲೇಖಕ-ಪ್ರಕಾಶಕರಿಗೂ ಕೊಡ್ತಾರೆ. ವಾರಗಟ್ಟಲೆ ಹಿಡಿಯಬಹುದು, ಮಾರ್ಚ್ ಮೊದಲಿಗೇ ಅರ್ಜಿ ಹಾಕಿ. ದುಡ್ಡು ಕೇಳುವ ಮಧ್ಯವರ್ತಿ ಬೇಕಿಲ್ಲ.

ಬೆಲೆ ನಿಗದಿ ಮಾಡೋದು ವಿತರಕರ ಕಮಿಷನ್ ಇಟ್ಟುಕೊಂಡು. ಶೇ. 45 ಬಿಟ್ಟರೆ 200ರ ಪುಸ್ತಕಕ್ಕೆ ಕೈಗೆ 110. ಅದರಲ್ಲಿ ಮುದ್ರಣ, ಡಿಟಿಪಿ, ಪ್ರೂಫ್, ರಕ್ಷಾಪುಟ ಎಲ್ಲ ಬರಬೇಕು. 500ರಲ್ಲಿ ಗೌರವ ಪ್ರತಿ, ವಿಮರ್ಶೆ ಪ್ರತಿ ಅಂತ 50 ಕಳೆದು, ಒಟ್ಟು ಖರ್ಚನ್ನು 450ರಿಂದ ಭಾಗಿಸಿ. ಅದು 80 ದಾಟಿದರೆ 250 ಇಡಿ.

ಅಂದ ಹಾಗೆ, 1954ರ ಪುಸ್ತಕ ಸಲ್ಲಿಕೆ ಕಾಯ್ದೆ ಪ್ರಕಾರ ಪ್ರಕಟವಾದ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಚೆನ್ನೈ, ಮುಂಬೈ, ದೆಹಲಿಯ ನಿಗದಿತ ಗ್ರಂಥಾಲಯಗಳಿಗೂ ಒಂದೊಂದು ಪ್ರತಿ ಕಳಿಸಬೇಕು. ಸಗಟು ಖರೀದಿಗೆ ಅರ್ಜಿ ಹಾಕುವವರು ಕಬ್ಬನ್ ಪಾರ್ಕಿನ ರಾಜ್ಯ ಕೇಂದ್ರ ಗ್ರಂಥಾಲಯದಲ್ಲಿ ನೋಂದಣಿಯನ್ನೂ ಜೂನ್‌ನಲ್ಲೇ ಮುಗಿಸಿಕೊಳ್ಳಿ, ವರ್ಷದ ಕೊನೆಗೆ ಅಲ್ಲೂ ಸಾಲು ಇರುತ್ತೆ.

ತೋಟದಮನೆ:
ಜೂನ್‌ನಿಂದ ಎರಡನೇ ಕಾದಂಬರಿ. ವಾರಕ್ಕೆ ಐದು ದಿನ, ದಿನಕ್ಕೆ 500 ಪದ ಅಂದರೆ ಅಕ್ಟೋಬರ್ ಕೊನೆಗೆ 50,000 ಮುಟ್ಟುತ್ತೆ. ಆದರೆ ಕರೆಂಟ್ ನಂಬಿ ಕೂರಬೇಡಿ, ಜುಲೈನ ಎರಡು ಅಧ್ಯಾಯ ನೋಟ್‌ಬುಕ್ಕಿನಲ್ಲೇ ಅಂತ ಇಟ್ಟುಕೊಳ್ಳಿ. ರಾಜ್ಯೋತ್ಸವದ ಮಳಿಗೆಗಳಿಗೆ ಅಂತ ನೂರು ಪ್ರತಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅಟ್ಟದ ಮೇಲಿಡಿ, ಗೋಡೆಗೆ ತಾಗಿಸಬೇಡಿ.