ಬೂದಿ ಬೀಳುವಾಗ ಮನೆಯಲ್ಲೇ ಇರುವುದಾ, ಹೊರಡುವುದಾ? ಅನುಭವ ಇದ್ದವರು ಹೇಳಿ

ಪ್ರಶ್ನೆ: ಹತ್ತಿರದ ಜ್ವಾಲಾಮುಖಿಯ ಎಚ್ಚರಿಕೆ ಮಟ್ಟ ಏರಿಸಿದ್ದಾರೆ. ಜಾಗ ಖಾಲಿ ಮಾಡಿ ಎಂದು ಇನ್ನೂ ಹೇಳಿಲ್ಲ. ಅಮ್ಮನಿಗೆ ಅಸ್ತಮಾ. ಏನು ಮಾಡಲಿ?

ಮನೆಯಲ್ಲೇ ಉಳಿದವಳು: ನಾವು ಉಳಿದೆವು. ಮತ್ತೆ ಹಾಗೇ ಆದರೂ ಉಳಿಯುತ್ತೇವೆ. ಸಂದಿಗೊಂದಿಗೆಲ್ಲ ಒದ್ದೆ ಬಟ್ಟೆ ತುರುಕಿ, ಏಸಿ ಬಂದ್ ಮಾಡಿದೆವು. ಆದರೂ ಬೂದಿ ನುಗ್ಗಿತು. ಗಾಜಿನ ಪುಡಿ ಅದು. ಟಿವಿ ಒರೆಸಿದ ಕಡೆಯೆಲ್ಲ ಗೀರು. ವಾಷಿಂಗ್ ಮೆಷಿನ್ ಹೋಯಿತು. ಅಂಗಳ ತೊಳೆದ ಪಕ್ಕದ ಮನೆಯವರ ಪೈಪಿನಲ್ಲಿ ಬೂದಿ ಸಿಮೆಂಟಿನ ಹಾಗೆ ಕಟ್ಟಿಕೊಂಡಿತು.

ಊರು ಬಿಟ್ಟವನು: ಹೆಮ್ಮೆಪಡುವ ವಿಷಯವಾ ಇದು? 1991ರಲ್ಲಿ ಫಿಲಿಪ್ಪೀನ್ಸ್‌ನ ಪಿನಾಟುಬೊ ಸಿಡಿದ ದಿನವೇ ಚಂಡಮಾರುತದ ಮಳೆ ಹೊಡೆಯಿತು. ನೆನೆದ ಬೂದಿಯ ಭಾರಕ್ಕೆ ಚಾವಣಿ ಕುಸಿದು ನೂರಾರು ಜನ ಸತ್ತರು. ಬೇಗ ಹೊರಡೋಣ ಎಂದು ನಾನು ಬಡಕೊಂಡೆ, ಮನೆಯವರು ಸಾಮಾನು ಕಟ್ಟುತ್ತಾ ಕೂತರು. ದಾರಿಯಲ್ಲೇ ಶುರುವಾಯಿತು. ಹಗಲಲ್ಲೇ ಕಗ್ಗತ್ತಲು. ವೈಪರ್ ಎರಡು ಸಲ ಆಡಿದ್ದಷ್ಟೇ, ಕರಕರ ಎಂದು ಮುಂದಿನ ಗಾಜು ಪೂರ್ತಿ ಗೀರಿಹೋಯಿತು. ಏರ್ ಫಿಲ್ಟರ್ ಕಟ್ಟಿ ಇಂಜಿನ್ ನಿಂತಿತು. ಗಾಜು, ಫಿಲ್ಟರ್, ಬ್ರೇಕ್ ಪ್ಯಾಡ್, ಆಲ್ಟರ್ನೇಟರ್, ಎಲ್ಲಾ ಕೈಯಿಂದ. ವಿಮೆಯವರು ಬಿಡಿಗಾಸು ಕೊಡಲಿಲ್ಲ. ಆದರೆ ಎಲ್ಲರ ಜೀವ ಉಳಿಯಿತು.

ಮನೆಯಲ್ಲೇ ಉಳಿದವಳು: ಚಾವಣಿಯನ್ನು ನಾವೇನು ಹಾಗೇ ಬಿಟ್ಟಿರಲಿಲ್ಲ. ಮಳೆಗೆ ಮುಂಚೆಯೇ ನಮ್ಮ ಯಜಮಾನರು ಮೇಲೆ ಹತ್ತಿದರು. ಸ್ವಲ್ಪವೇ ನೀರು ಚಿಮುಕಿಸಿ ಸಲಿಕೆಯಲ್ಲಿ ಎಳೆದು ಹಾಕಿದರು. ಜಾಸ್ತಿ ನೀರು ಬಿಟ್ಟರೆ ಭಾರ ಏರುತ್ತದೆ, ಅಲ್ವಾ? ಅವರ ಸೊಂಟ ಇವತ್ತಿಗೂ ಸರಿಯಾಗಿಲ್ಲ. ಬೂದಿಯಲ್ಲಿ ಗಾಡಿ ಓಡಿಸಿದವರಿಂದ ನಾವು ಬುದ್ಧಿ ಕೇಳಬೇಕಾ?

ಹೊಳೆ ದಂಡೆಯವನು: ಇಬ್ಬರಿಗೂ ಬೂದಿಯದೇ ಚಿಂತೆ. ನಮ್ಮ ಮನೆ ಹೋದದ್ದು ಬೂದಿ, ನೀರು ಸೇರಿ ಹೊಳೆಯಲ್ಲಿ ನುಗ್ಗಿ ಬಂದ ಕೆಸರಿನ ಪ್ರವಾಹಕ್ಕೆ. ಸೂರು ಸಮೇತ ಹೋಯಿತು, ಸಾಲ ಮಾತ್ರ ಉಳಿಯಿತು. 1985ರಲ್ಲಿ ಕೊಲಂಬಿಯಾದ ನೆವಾಡೊ ಡೆಲ್ ರುಯಿಸ್ ಸಿಡಿದಾಗ ಆರ್ಮೆರೊ ಊರಿಗೆ ಕೆಸರು ಬಂದದ್ದು ಎರಡು ಗಂಟೆ ಕಳೆದ ಮೇಲೆ. ಅಷ್ಟು ಹೊತ್ತು ಇತ್ತು! 20,000ಕ್ಕೂ ಜಾಸ್ತಿ ಜನ ಹೋದರು. ಕಣಿವೆಯಲ್ಲಿದ್ದರೆ ಮೊದಲು ಎತ್ತರಕ್ಕೆ ಹೋಗಿ, ವಾದ ಆಮೇಲೆ.

ಪ್ರಶ್ನೆ ಕೇಳಿದವರು: ಅಮ್ಮನ ಅಸ್ತಮಾ ಬಗ್ಗೆ ಯಾರೂ ಹೇಳಲಿಲ್ಲ.

ನರ್ಸ್: ಅಮ್ಮನನ್ನು ಇವತ್ತೇ ದೂರ ಕಳಿಸಿ, ಆದೇಶಕ್ಕೆ ಕಾಯಬೇಡಿ. ಇನ್‌ಹೇಲರ್ ಕೈಗೆ ಸಿಗುವಂತಿರಲಿ. ಎನ್95 ಮಾಸ್ಕ್ ಮುಖಕ್ಕೆ ಬಿಗಿಯಾಗಿ ಕೂರಬೇಕು. ಒದ್ದೆ ಕರವಸ್ತ್ರ ನಂಬಬೇಡಿ.

ಊರು ಬಿಟ್ಟವನು: ನಾವು ಬಂದದ್ದೇ ಒದ್ದೆ ಬಟ್ಟೆ ಕಟ್ಟಿಕೊಂಡು. ಏನಾಯಿತು?

ನರ್ಸ್: ನಿಮಗೆ ಅಸ್ತಮಾ ಇಲ್ಲ! ಬಟ್ಟೆ ಒದ್ದೆ ಮಾಡಿದ ಮಾತ್ರಕ್ಕೆ ಅದು ಹೆಚ್ಚು ಸೋಸುವುದಿಲ್ಲ. ಸುಮ್ನೆ ಹೇಳಬೇಡಿ.

ಮನೆಯಲ್ಲೇ ಉಳಿದವಳು: ಗಾಜಿಗೆ ಮೊದಲು ನೀರು ಸುರಿದು ಆಮೇಲೆ ವೈಪರ್ ಹಾಕಬೇಕು. ಅದೂ ಗೊತ್ತಿಲ್ಲ ಇವರಿಗೆ.

ಊರು ಬಿಟ್ಟವನು: ಆ ಕತ್ತಲಲ್ಲಿ ಎಲ್ಲಿಂದ ತರಲಿ ನೀರು? ಇದ್ದ ಒಂದು ಬಾಟಲಿ ಮಕ್ಕಳಿಗೆ ಕುಡಿಯಲು ಬೇಕಿತ್ತು.